ಸವಾರನಿಗೇ ಕೇಳದ ಹಾಡು

ಸಂಜೆ ಮಣಿಪಾಲದ ಟೈಗರ್ ಸರ್ಕಲ್‌ನಲ್ಲಿ ನಿಂತವರಿಗೆ ಕೆಲವು ಬೈಕುಗಳು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತವೆ. ಲೆಗ್ ಗಾರ್ಡಿಗೆ ಬಿಗಿದ ಎರಡು ಸ್ಪೀಕರ್, ಸೀಟಿನಡಿ ಅಂಗೈ ಅಗಲದ ಆಂಪ್ಲಿಫೈಯರ್, ಹ್ಯಾಂಡಲ್ ಹತ್ತಿರ ಪೆನ್‌ಡ್ರೈವ್ ಸಿಕ್ಕಿಸುವ ಜಾಗ. ಬ್ಯಾಟರಿಯಿಂದ ವಯರು ಎಳೆದು ನಡುವೆ ಒಂದು ಫ್ಯೂಸ್ ಹಾಕಿದರೆ ಕೆಲಸ ಮುಗಿಯಿತು. ಫ್ಯೂಸ್ ಹಾಕುವಷ್ಟು ತಾಳ್ಮೆ ಎಲ್ಲರಿಗೂ ಇರುವುದಿಲ್ಲ, ಆ ಮಾತು ಬೇರೆ. ಇನ್ನು ನಮ್ಮ ಉಡುಪಿಯದು ವರ್ಷಕ್ಕೆ 4,000 ಮಿ.ಮೀ. ದಾಟುವ ಮಳೆ. ಕಾಪು ಕಡೆಯ ಬೈಕಾದರೆ ಕಡಲಿನ ಉಪ್ಪುಗಾಳಿಯೂ ಸೇರಿ ತಾಮ್ರದ ತುದಿಗಳು ಹಸಿರುಗಟ್ಟುತ್ತವೆ, ಸ್ಪೀಕರಿನ ಕೋನ್ ಮೆತ್ತಗಾಗಿ ಹರಿಯುತ್ತದೆ. ಬೆಳಿಗ್ಗೆ ಸೆಲ್ಫ್ ಒತ್ತಿದರೆ ಟಿಕ್ ಟಿಕ್ ಅಷ್ಟೆ. ಬ್ಯಾಟರಿ ರಾತ್ರಿಯ ಹಾಡಿಗೇ ಖರ್ಚಾಗಿರುತ್ತದೆ.

ಇಷ್ಟೆಲ್ಲ ಮಾಡಿದವನಿಗೆ ಹಾಡಾದರೂ ದಕ್ಕುತ್ತದೆಯೇ? ಹಿರಿಯಡ್ಕ ದಾಟಿ ಕಾರ್ಕಳದತ್ತ ಖಾಲಿ ರಸ್ತೆ ಸಿಕ್ಕರೆ ವೇಗ ತಾನಾಗಿ ಏರುತ್ತದೆ. 80ರ ಹತ್ತಿರ ಹೋದರೆ ಹೆಲ್ಮೆಟ್ಟಿನೊಳಗೆ ಗಾಳಿಯದೇ ಸುಮಾರು 90 ಡೆಸಿಬಲ್ ಸದ್ದು. ಅದನ್ನು ಮೀರಿಸಲು ಸವಾರ ವಾಲ್ಯೂಮ್ ಏರಿಸುತ್ತಾನೆ. ಏರಿಸಿದರೂ ಅವನಿಗೆ ಅರ್ಧಂಬರ್ಧ. ಸ್ಪಷ್ಟವಾಗಿ ಕೇಳಿಸುವುದು ರಸ್ತೆ ಬದಿಯ ಜಗಲಿಯಲ್ಲಿ ಪರೀಕ್ಷೆಗೆ ಓದುತ್ತ ಕೂತವಳಿಗೆ. ಅವಳಿಗೂ ಪಲ್ಲವಿಯ ಒಂದು ಚೂರು ಮಾತ್ರ, ಏಕೆಂದರೆ ಬೈಕು ಸೆಕೆಂಡಿಗೆ 22 ಮೀಟರ್ ಓಡುತ್ತಿದೆ. ಒಟ್ಟಿನಲ್ಲಿ ಇಡೀ ಹಾಡು ಯಾರಿಗೂ ಇಲ್ಲ.

ಸದ್ದು ಮಾಡಿಕೊಂಡೇ ಬರುವ ಇನ್ನೊಂದು ಗಾಡಿ ನಮ್ಮೂರುಗಳಲ್ಲಿ ಉಂಟು. ಮಲ್ಪೆಯಿಂದ ಐಸ್ ಪೆಟ್ಟಿಗೆ ಕಟ್ಟಿಕೊಂಡು ಬರುವ ಮೀನಿನವರದು. ಆ ಪೋಂ ಪೋಂ ಹಾರ್ನ್ ಕಿವಿಗೆ ಇಂಪೇನಲ್ಲ, ಆದರೂ ಯಾರೂ ಬೈಯುವುದಿಲ್ಲ. ಗೇಟಿನ ಹತ್ತಿರ ಹೋಗಿ "ಬಂಗುಡೆ ಉಂಟಾ?" ಎಂದು ಕೇಳಬಹುದು. "ಇವತ್ತು ಬೂತಾಯಿ ಮಾತ್ರ ಅಕ್ಕ" ಎಂದು ಉತ್ತರ ಬರುತ್ತದೆ. ಬೇಡ ಎಂದರೆ ಗಾಡಿ ಮುಂದಿನ ಮನೆಗೆ. ಆ ಸದ್ದಿಗೆ ಬೇಡ ಎನ್ನಲು ಅವಕಾಶವಿದೆ. ಸ್ಪೀಕರ್ ಬೈಕು ಉತ್ತರಕ್ಕೆ ಕಾಯುವುದೇ ಇಲ್ಲ.

ಕಾನೂನು ಇಲ್ಲದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬಲ್. ಆಸ್ಪತ್ರೆಯ ಸುತ್ತಲಿನ ನಿಶ್ಶಬ್ದ ವಲಯದಲ್ಲಿ ಅದಕ್ಕಿಂತಲೂ ಕಡಿಮೆ. ಮಣಿಪಾಲದಂಥ ಆಸ್ಪತ್ರೆಯ ಊರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಇದೇ ನಿಯಮದ ಕಾರಣಕ್ಕೆ ಕಟೀಲು ಮೇಳದ ಯಕ್ಷಗಾನ ಆಟ ಕಾಲಮಿತಿಗೆ ಇಳಿದಾಗ ನಾವು ಎಷ್ಟು ನೊಂದುಕೊಂಡೆವು! ನಮಗೆ ಪ್ರಿಯವಾದ ಸದ್ದಿಗೆ ರಿಯಾಯಿತಿ, ಹುಡುಗರದಕ್ಕೆ ದಂಡ ಎನ್ನುವುದಾದರೆ ನಮ್ಮ ಉಪದೇಶವನ್ನು ಅವರು ಯಾಕೆ ಕೇಳಬೇಕು?

ಹುಡುಗರ ಕಡೆಯಿಂದಲೂ ನೋಡಬೇಕು. ಮನೆಯ ಟಿವಿಯಲ್ಲಿ ಅಮ್ಮನ ಧಾರಾವಾಹಿ, ಕೆಲಸದ ಜಾಗದಲ್ಲಿ ಧಣಿಗಳ ಮಾತು. ತನಗೆ ಬೇಕಾದ ಹಾಡನ್ನು ತಾನೇ ಆರಿಸಿ ಹಾಕಲು ಅನೇಕರಿಗೆ ಸಿಗುವ ಒಂದೇ ಕೋಣೆ ಬೈಕು. ಆ ಕೋಣೆಗೆ ಗೋಡೆ ಇಲ್ಲ ಎಂಬುದೇ ತೊಂದರೆ. ಎರಡೂ ಕಿವಿಗೆ ಇಯರ್‌ಫೋನ್ ತುರುಕಿಕೊಂಡರೆ ಹೆದ್ದಾರಿ 66ರಲ್ಲಿ ಹಿಂದಿನಿಂದ ನುಗ್ಗಿ ಬರುವ ಎಕ್ಸ್‌ಪ್ರೆಸ್ ಬಸ್ಸು ಗೊತ್ತಾಗುವುದಿಲ್ಲ, ಅದು ಪ್ರಾಣಕ್ಕೇ ಸಂಚಕಾರ. ಈಗ ಹೆಲ್ಮೆಟ್ಟಿನೊಳಗೆ ಕೂರಿಸುವ ತೆಳು ಬ್ಲೂಟೂತ್ ಸ್ಪೀಕರ್ ಸಿಗುತ್ತದೆ. ಸಣ್ಣ ದನಿಯಲ್ಲಿಟ್ಟರೆ ಸವಾರನಿಗೆ ಹಾಡೂ ಕೇಳುತ್ತದೆ, ರಸ್ತೆಯೂ ಕೇಳುತ್ತದೆ. ಜಗಲಿಯವಳಿಗೆ ಏನೂ ಇಲ್ಲ. ಹಾಗಿದ್ದೂ ಜನ ದೊಡ್ಡ ಸ್ಪೀಕರನ್ನೇ ಯಾಕೆ ಹಾಕಿಸುತ್ತಾರೆ ಎಂದು ಕಾರ್ಕಳದ ಮೆಕ್ಯಾನಿಕ್ ಒಬ್ಬರನ್ನು ಕೇಳಿದೆ. ಸ್ಪ್ಯಾನರ್ ಕೆಳಗಿಡದೆ ನಕ್ಕರು: "ಹೆಲ್ಮೆಟ್ಟಿನದ್ದು ಹಾಕಿದ್ರೆ ಹಾಕಿದ್ದು ಯಾರಿಗೆ ಗೊತ್ತಾಗ್ತದೆ ಸಾರ್?"