ವ್ರತ ಯಾರದು, ಭಾರ ಯಾರದು?

ಆಹಾರವಿಲ್ಲದೆ ಶರೀರವಿಲ್ಲ, ಶರೀರವಿಲ್ಲದೆ ಧರ್ಮಸಾಧನೆಯಿಲ್ಲ. ಆದುದರಿಂದಲೇ ನಮ್ಮ ಪೂರ್ವಾಚಾರ್ಯರು ಶ್ರಾವಕಾಚಾರವನ್ನು ನಿರೂಪಿಸುವಾಗ ಊಟದ ವಿಷಯಕ್ಕೆ ದೊಡ್ಡ ಸ್ಥಾನವನ್ನು ಕೊಟ್ಟರು. ಏನನ್ನು ಉಣ್ಣಬೇಕು, ಯಾವ ಹೊತ್ತಿನಲ್ಲಿ ಉಣ್ಣಬೇಕು, ಎಷ್ಟು ಉಣ್ಣಬೇಕು ಎಂಬ ಮೂರು ಪ್ರಶ್ನೆಗಳಿಗೆ ಶಾಸ್ತ್ರಗಳಲ್ಲಿ ವಿಸ್ತಾರವಾದ ಉತ್ತರವಿದೆ. ಎಲ್ಲಿ ಉಣ್ಣಬೇಕು ಎಂಬ ನಾಲ್ಕನೆಯ ಪ್ರಶ್ನೆ ನಮ್ಮ ಕಾಲದಲ್ಲಿ ಬಲವಾಗಿ ಎದ್ದು ನಿಂತಿದೆ. ಆದರೆ ಅದರ ಹಿಂದೆ ಐದನೆಯ ಪ್ರಶ್ನೆಯೊಂದು ಅಡಗಿರುವುದನ್ನು ನಾನು ಅರಿತುದು ಅರವತ್ತು ದಾಟಿದ ಮೇಲೆ. ಅದೂ ಗ್ರಂಥದಿಂದಲ್ಲ, ಧರ್ಮಪತ್ನಿಯ ಬಾಯಿಂದ.

ನಮ್ಮ ವಿವಾಹವಾಗಿ 40 ವರ್ಷಗಳು ತುಂಬಿದವು. ಮುಂಬಯಿಯಲ್ಲಿ ನೌಕರಿಯಲ್ಲಿರುವ ಮಗನು, “ನೀವಿಬ್ಬರೂ ಎಂದೂ ಎಲ್ಲಿಗೂ ಹೋದವರಲ್ಲ, ಈ ಸಲ ಬರಲೇಬೇಕು” ಎಂದು ಹಟ ಹಿಡಿದನು. ಒಪ್ಪಿದೆವು. ಮರುದಿನದಿಂದ ನನ್ನ ಮೊಬೈಲಿಗೆ ಹೋಟೆಲುಗಳ ಚಿತ್ರಗಳು ಬರತೊಡಗಿದವು. ಸಮುದ್ರ ಕಾಣುವ ಹೋಟೆಲು ಒಂದು, ಇಪ್ಪತ್ತು ಬಗೆಯ ಪದಾರ್ಥಗಳ ಥಾಳಿ ಬಡಿಸುವ ಹೋಟೆಲು ಇನ್ನೊಂದು, “ಇಲ್ಲಿ ಎಲ್ಲವೂ ಜೈನ್ ಸಿಗುತ್ತದೆ” ಎಂಬ ಟಿಪ್ಪಣಿಯೊಂದಿಗೆ ಮತ್ತೊಂದು. ನಾನು 25 ವರ್ಷಗಳ ಹಿಂದೆ ಚಾತುರ್ಮಾಸದಲ್ಲಿದ್ದ ಮುನಿಮಹಾರಾಜರ ಸನ್ನಿಧಿಯಲ್ಲಿ ಹೋಟೆಲಿನ ಅಡುಗೆಯನ್ನು ಯಾವಜ್ಜೀವ ತ್ಯಾಗ ಮಾಡಿದವನು. ಆದುದರಿಂದ ಯೋಚಿಸುವ ಅವಶ್ಯಕತೆಯೇ ನನಗೆ ಕಾಣಲಿಲ್ಲ. “ಹೋಟೆಲು ಬೇಡ, ಮಗನ ಮನೆಯಲ್ಲಿಯೇ ನೀನು ಅಡುಗೆ ಮಾಡಿದರಾಯಿತು” ಎಂದು ಪತ್ನಿಗೆ ಹೇಳಿದೆ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: “ಹೋಟೆಲಿನ ಊಟ ಬಿಟ್ಟವರು ನೀವು. ನಾ ಯಾವ ಮಹಾರಾಜರ ಮುಂದ ಬಿಟ್ಟೀನ್ರಿ? ಇಪ್ಪತ್ತೈದು ವರ್ಷ ನಿಮ್ಮ ವ್ರತ ನನ್ನ ಕೈಯಾಗ ನಡೀತು. ಮುಂಬಯಿಗೆ ಹೋಗಿನೂ ನಾನ ಒಲಿ ಮುಂದ ನಿಂದರಬೇಕಂದ್ರ, ಊರಿಗೂ ಮುಂಬಯಿಗೂ ಏನ ಫರಕಾತು?”

ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಉತ್ತರ ಕೊಡುವುದು ನನಗೆ ಸುಲಭವಾಗುತ್ತಿತ್ತು.

ನನ್ನ ಸೇವಾವಧಿಯೆಲ್ಲ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ಶಾಲೆಗಳಲ್ಲಿ ಕಳೆಯಿತು. ಊರಿಗೆ ಒಂದೋ ಎರಡೋ ಜೈನ ಮನೆಗಳು. ಕೆಲವು ಊರುಗಳಲ್ಲಿ ನಮ್ಮದೊಂದೇ. ತಾಲೂಕಿನ ಊರಿಗೆ ಕಚೇರಿಯ ಕೆಲಸಕ್ಕೆ ಹೋದರೆ ಜೊತೆಯ ಶಿಕ್ಷಕರು ಖಾನಾವಳಿಯಲ್ಲಿ ಬಿಸಿ ರೊಟ್ಟಿ ಉಣ್ಣುತ್ತಿದ್ದರು. ನಾನು ಮರದ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚುತ್ತಿದ್ದೆ. “ಗುರುಗಳದು ಗಟ್ಟಿ ವ್ರತ” ಎಂದು ಜನ ಅನ್ನುತ್ತಿದ್ದರು. ಕೇಳಿ ನನಗೂ ಸಂತೋಷವಾಗುತ್ತಿತ್ತು. ಆ ಬುತ್ತಿಯನ್ನು ಕಟ್ಟಲು ಒಬ್ಬಳು ನಾಲ್ಕು ಗಂಟೆಗೆ ಎದ್ದಿರುತ್ತಿದ್ದಳು ಎಂಬುದು ಆ ಮಾತಿನಲ್ಲಿ ಬರುತ್ತಿರಲಿಲ್ಲ. ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಮರ್ಯಾದೆ ಎಂದು ಹೇಳಿದವನು ನಾನು; ಆ ಲೆಕ್ಕಕ್ಕೆ ಸರಿಯಾಗಿ ಬೀಸಿದವಳು ಆಕೆ. ಸೋಸಿದ ನೀರು 48 ನಿಮಿಷಗಳ ಮೇಲೆ ಮತ್ತೆ ಸೋಸತಕ್ಕದ್ದು ಎಂದು ಓದಿದವನು ನಾನು. ಬೇಸಿಗೆಯಲ್ಲಿ ನೀರು ಪಾತಾಳಕ್ಕಿಳಿದ ಬಾವಿಯಿಂದ ಸೇದಿ, ದಟ್ಟ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಗಳನ್ನು ಮರಳಿ ಅದೇ ಬಾವಿಯ ನೀರಿಗೆ ಮೆಲ್ಲಗೆ ಇಳಿಸಿ ಬಂದವಳು ಆಕೆ.

ಇಲ್ಲಿ ವಿಚಾರಿಸಬೇಕಾದ ಮೊದಲ ಸಂಗತಿ, ವ್ರತವೆಂದರೇನು ಎಂಬುದು. ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ವಿವರಿಸುತ್ತ ಇದನ್ನು ಸ್ಪಷ್ಟಪಡಿಸಿದ್ದಾರೆ. ಯೋಗ್ಯವಾದ ವಿಷಯದಿಂದಲೂ ಸಂಕಲ್ಪಪೂರ್ವಕವಾಗಿ ಹಿಂದೆ ಸರಿಯುವುದೇ ವ್ರತ. ಸಿಕ್ಕದೆ ಬಿಟ್ಟುದು ವ್ರತವಲ್ಲ, ಒಗ್ಗದೆ ಬಿಟ್ಟುದು ವ್ರತವಲ್ಲ, ಇನ್ನೊಬ್ಬರ ಭಯದಿಂದ ಬಿಟ್ಟುದಂತೂ ಅಲ್ಲವೇ ಅಲ್ಲ. ಈ ಅಳತೆಯಿಂದ ನೋಡಿದರೆ ನನ್ನ ಪತ್ನಿ ಹೋಟೆಲಿನಲ್ಲಿ ಉಣ್ಣದೆ ಕಳೆದ 25 ವರ್ಷಗಳು ಏನಾದವು? ಆಕೆಗೆ ಆಕೆಯವೇ ವ್ರತಗಳುಂಟು. ರಾತ್ರಿಭೋಜನ ತ್ಯಾಗವುಂಟು, ಕಂದಮೂಲ ತ್ಯಾಗವುಂಟು, ಅಷ್ಟಮಿ ಚತುರ್ದಶಿಗಳಂದು ಏಕಾಶನವುಂಟು. ಅವನ್ನು ತಾನೇ ಸಂಕಲ್ಪಿಸಿ ತೆಗೆದುಕೊಂಡಳು, ಜ್ವರದಲ್ಲಿಯೂ ಬಿಡಲಿಲ್ಲ. ಹೋಟೆಲಿನ ವಿಷಯದಲ್ಲಿ ಮಾತ್ರ ಆಕೆ ಸಂಕಲ್ಪ ಮಾಡಿರಲಿಲ್ಲ. ನಾನು ಒಳಗೆ ಹೋಗುತ್ತಿರಲಿಲ್ಲವಾದುದರಿಂದ ಆಕೆಯೂ ಹೋಗಲಿಲ್ಲ. ಅದು ಆಕೆಗೆ ವ್ರತದ ಫಲವನ್ನು ಕೊಡಲಿಲ್ಲ. ವಂಚಿತಳಾದ ಭಾವವನ್ನಷ್ಟೇ ಕೊಟ್ಟಿತು.

ಎರಡನೆಯ ಸಂಗತಿ ಇನ್ನೂ ಸೂಕ್ಷ್ಮವಾದುದು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಸ್ರವಕ್ಕೆ ಆಧಾರವಾದ ಜೀವಾಧಿಕರಣದ 108 ಭೇದಗಳನ್ನು ಹೇಳಿದೆ. ಸಂರಂಭ, ಸಮಾರಂಭ, ಆರಂಭಗಳು ಮೂರು, ಮನ, ವಚನ, ಕಾಯಗಳು ಮೂರು, ಕೃತ, ಕಾರಿತ, ಅನುಮತಗಳು ಮೂರು, ಕಷಾಯಗಳು ನಾಲ್ಕು. ಇವನ್ನು ಗುಣಿಸಿದರೆ 108. ಈ ಲೆಕ್ಕವನ್ನು ಪಾಠಶಾಲೆಯ ಮಕ್ಕಳಿಗೆ ನಾನು ಎಷ್ಟೋ ಸಲ ಕರಿಹಲಗೆಯ ಮೇಲೆ ಬಿಡಿಸಿ ತೋರಿಸಿದ್ದೇನೆ. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದ್ದಕ್ಕೆ ಒಪ್ಪಿದ್ದು ಇವು ಮೂರೂ ಜೀವನನ್ನು ತಟ್ಟುತ್ತವೆ ಎಂದು ವಿವರಿಸಿದ್ದೇನೆ. ಆದರೆ ನನಗಾಗಿ ಹೊತ್ತಿದ ಒಲೆಯ ಆರಂಭವು ನಾನು ಕಾರಿತವಾಗಿ ಮಾಡಿದ್ದೇ ಎಂಬುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹೋಟೆಲಿನ ಒಲೆಯ ಹಿಂಸೆಯಿಂದ ದೂರ ಸರಿದೆನೆಂದುಕೊಂಡೆ. ಆರಂಭವು ನನ್ನ ಹೆಸರಿನಲ್ಲಿಯೇ ಇನ್ನೊಬ್ಬರ ಕೈಗೆ ಹೋಗಿತ್ತು.

ಹನ್ನೊಂದು ಪ್ರತಿಮೆಗಳಲ್ಲಿ ಕೊನೆಯದು ಉದ್ದಿಷ್ಟ ತ್ಯಾಗ. ಅಲ್ಲಿಗೇರಿದ ಶ್ರಾವಕನು ತನಗೆಂದೇ ಸಿದ್ಧಪಡಿಸಿದ ಆಹಾರವನ್ನು ಸ್ವೀಕರಿಸುವುದಿಲ್ಲ. ನಾವು ಗೃಹಸ್ಥರು ಆ ಮೆಟ್ಟಿಲಿನಿಂದ ಬಹುದೂರದಲ್ಲಿದ್ದೇವೆ, ನಿಜ. ಆದರೂ ತ್ಯಾಗದ ಮಾರ್ಗವು ಮೇಲಕ್ಕೇರಿದಂತೆ “ನನ್ನ ಸಲುವಾಗಿ ಯಾರಿಗೂ ತೊಂದರೆ ಬೇಡ” ಎಂಬ ದಿಕ್ಕಿಗೆ ಹೋಗುತ್ತದೆಯೇ ಹೊರತು, “ನನ್ನ ಸಲುವಾಗಿ ಎಲ್ಲರೂ ಎಚ್ಚರವಾಗಿರಲಿ” ಎಂಬ ದಿಕ್ಕಿಗೆ ಹೋಗುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಇದಕ್ಕೆ ಕೆಲವರು ಆಕ್ಷೇಪವೆತ್ತಬಹುದು. ಶುದ್ಧವಾಗಿ ಅಡುಗೆ ಮಾಡಿ ವ್ರತಿಕನಿಗೆ ಬಡಿಸುವುದು ಗೃಹಿಣಿಯ ಪುಣ್ಯವಲ್ಲವೆ? ಅದನ್ನು ಭಾರವೆಂದು ಎಣಿಸುವುದು ಸರಿಯೆ? ಆಕ್ಷೇಪದಲ್ಲಿ ಸತ್ಯಾಂಶವಿದೆ. ಸಂತೋಷದಿಂದ ಮಾಡಿದ ಸೇವೆ ಪುಣ್ಯವೇ. ಆದರೆ ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ದಾತೃವಿನ ಗುಣಗಳನ್ನೆಣಿಸುವಾಗ ವಿಷಾದವಿಲ್ಲದಿರುವಿಕೆಯನ್ನೂ ಹರ್ಷವನ್ನೂ ಸೇರಿಸಿದ್ದಾರೆ. ಕೊಡುವವರ ಮನಸ್ಸಿನಲ್ಲಿ ಹರ್ಷವಿದೆಯೋ ಇಲ್ಲವೋ ಎಂಬುದು ತೆಗೆದುಕೊಳ್ಳುವವನು ಕೇಳದೆ ತಿಳಿಯುವುದಾದರೂ ಹೇಗೆ? ಇಷ್ಟು ವರ್ಷಗಳಲ್ಲಿ ನಾನು ಒಂದು ಸಲವೂ ಕೇಳಿರಲಿಲ್ಲ. ಕೇಳದೆ ಪಡೆದ ಸೇವೆಯನ್ನು ಆಕೆಯ ಪುಣ್ಯವೆಂದು ನಾನೇ ಜಮಾ ಮಾಡಿಕೊಂಡೆ. ಈ ಲೆಕ್ಕ ಬರೆದವನೂ ನಾನೇ, ತಪಾಸಣೆ ಮಾಡಿದವನೂ ನಾನೇ.

ಹಾಗಾದರೆ ವ್ರತವನ್ನು ಸಡಿಲಿಸಿ ಹೋಟೆಲಿಗೆ ಹೋಗುವುದೇ ಉತ್ತರವೆ? ಅಲ್ಲ. ನನ್ನದು ಕಾಲಮಿತಿಯುಳ್ಳ ನಿಯಮವಲ್ಲ, ಯಾವಜ್ಜೀವವಾದ ಯಮ. ಪತ್ನಿಯ ಸುಖದ ನೆಪದಿಂದ ಅದನ್ನು ಮುರಿದರೆ ಆ ದೋಷವನ್ನೂ ಆಕೆಯ ತಲೆಯ ಮೇಲೆಯೇ ಹೊರಿಸಿದಂತಾಗುತ್ತದೆ. ನನ್ನ ವ್ರತವನ್ನು ನಾನು ಹೊರಬೇಕು. ಆಕೆಯ ವ್ರತಗಳನ್ನು ಆಕೆ ಹೊರುತ್ತಾಳೆ. ಈ ನಿಶ್ಚಯವಾದ ಮೇಲೆ ಮಗನ ಪಟ್ಟಿಯನ್ನು ನಾವಿಬ್ಬರೂ ಕೂಡಿ ನೋಡಿದೆವು. ಈ ಸಲ ನೋಡಿದ್ದು ಆಕೆಯ ಊಟಕ್ಕಾಗಿ.

ಇಲ್ಲಿ ಇನ್ನೊಂದು ಭ್ರಮೆಯನ್ನು ಕುರಿತು ಹೇಳಬೇಕು. ಮುಂಬಯಿಯಂಥ ನಗರದಲ್ಲಿ “ಜೈನ್” ಎಂಬ ಪದವು ಹೋಟೆಲಿನ ಪಟ್ಟಿಯಲ್ಲಿ ಒಂದು ರುಚಿಯ ಹೆಸರಾಗಿಬಿಟ್ಟಿದೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಬಟಾಟೆಗಳಿಲ್ಲದಿದ್ದರೆ ಅದು ಜೈನ್. ಬಟಾಟೆಯ ಬದಲು ಹಸಿ ಬಾಳೆಕಾಯಿ ಹಾಕಿದ ಪಾವಭಾಜಿಯೂ ಅಲ್ಲಿ ಸಿಗುತ್ತದೆ. ನಮ್ಮ ಸಮಾಜದ ಆಚಾರಕ್ಕೆ ವ್ಯಾಪಾರಸ್ಥರು ಇಷ್ಟು ಮನ್ನಣೆ ಕೊಟ್ಟುದು ಸಂತೋಷದ ವಿಷಯವೇ. ಆದರೆ ಆ ಪದಕ್ಕೆ ಹೊತ್ತು ಗೊತ್ತಿಲ್ಲ: ರಾತ್ರಿ ಹತ್ತು ಗಂಟೆಗೂ ಜೈನ್ ಥಾಳಿ ಬಡಿಸುತ್ತಾರೆ. ಡಿಸೆಂಬರ್ ಆರಂಭದಲ್ಲಿ ಮುಂಬಯಿಯಲ್ಲಿ ಸಂಜೆ 6 ಗಂಟೆಗೇ ಸೂರ್ಯಾಸ್ತವಾಗುತ್ತದೆ. ಅನೇಕ ದೊಡ್ಡ ಹೋಟೆಲುಗಳಲ್ಲಿ ಸಂಜೆಯ ಊಟ ಆರಂಭವಾಗುವುದೇ 7ರ ಮೇಲೆ. ಆ ಪದಕ್ಕೆ ದ್ವಿದಲವೂ ಗೊತ್ತಿಲ್ಲ. ಕಾಯಿಸದ ಹಾಲಿನಿಂದಾದ ಮೊಸರಿನೊಡನೆ ಬೇಳೆಯ ಪದಾರ್ಥವನ್ನು ಬೆರೆಸಬಾರದೆಂಬುದು ನಮ್ಮ ಮನೆಯ ಮಕ್ಕಳಿಗೂ ತಿಳಿದ ಮಾತು. ಮೊಸರುವಡೆಯ ಹೆಸರಿನ ಮುಂದೆ ಜೈನ್ ಎಂದು ಬರೆದ ಮಾತ್ರಕ್ಕೆ ಆ ಪ್ರಶ್ನೆ ತೀರಿಹೋಗುವುದಿಲ್ಲ. ಹೋಟೆಲಿನವರನ್ನು ದೂರುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ವ್ರತ ತೆಗೆದುಕೊಂಡವರು ಅವರಲ್ಲ. ವ್ರತವನ್ನು ಹೆಂಡತಿಯ ಕೈಗೆ ಒಪ್ಪಿಸಿ ನಾನು ಹೇಗೆ ನಿಶ್ಚಿಂತನಾಗಿದ್ದೆನೋ, ಹಾಗೆಯೇ ಹೋಟೆಲಿನ ಫಲಕಕ್ಕೆ ಒಪ್ಪಿಸಿ ನಿಶ್ಚಿಂತರಾಗುವವರೂ ಇದ್ದಾರೆ. ಎರಡೂ ಒಂದೇ ಬಗೆಯ ಆಲಸ್ಯ.

ಪಟ್ಟಿ ನೋಡುವಾಗಲೇ ಮತ್ತೊಂದು ಅನುಭವವಾಯಿತು. ಹೋಟೆಲಿನಲ್ಲಿ ಉಣ್ಣದ ನಾನು ಆ ಚಿತ್ರಗಳನ್ನು ಎರಡೆರಡು ಸಲ ನೋಡುತ್ತಿದ್ದೆ! ತತ್ತ್ವಾರ್ಥಸೂತ್ರವು ಈ ವ್ರತದ ಅತಿಚಾರಗಳನ್ನು ಹೇಳುವಾಗ ಸಚಿತ್ತ, ದುಃಪಕ್ವ ಮುಂತಾದ ಆಹಾರದ ದೋಷಗಳನ್ನು ಎಣಿಸುತ್ತದೆ. ಸಮಂತಭದ್ರಸ್ವಾಮಿಗಳಾದರೋ ಮನಸ್ಸಿನ ದೋಷಗಳನ್ನೇ ಎಣಿಸಿದ್ದಾರೆ: ವಿಷಯಗಳೆಂಬ ವಿಷದಲ್ಲಿ ಉಪೇಕ್ಷೆಯಿಲ್ಲದಿರುವುದು, ಹಿಂದೆ ಭೋಗಿಸಿದ್ದನ್ನು ಮತ್ತೆ ಮತ್ತೆ ನೆನೆಯುವುದು, ಭೋಗಿಸುವಾಗಿನ ಅತಿಲೌಲ್ಯ, ಮುಂದಿನ ಭೋಗಕ್ಕಾಗಿ ಅತಿತೃಷೆ, ಮಿತಿಮೀರಿದ ಅನುಭವ. ಇಂದಿನ ಪ್ರವಾಸಿಯ ಸ್ಥಿತಿಗೆ ಇದಕ್ಕಿಂತ ಸರಿಯಾದ ವರ್ಣನೆ ಬೇಕೆ? ಹೊರಡುವ ಮೊದಲು ತಿಂಗಳುಗಟ್ಟಲೆ ಚಿತ್ರ ನೋಡುವುದು ಅತಿತೃಷೆ. ಮೇಜಿನ ಮುಂದೆ ಕುಳಿತು ಎಲ್ಲವನ್ನೂ ತರಿಸುವುದು ಅತಿಲೌಲ್ಯ. ಮರಳಿ ಬಂದು ವರ್ಷಗಟ್ಟಲೆ ಅದನ್ನೇ ಹೇಳುವುದು ಅನುಸ್ಮೃತಿ. ಊಟ ನಡೆದದ್ದು ಅರ್ಧ ಗಂಟೆ. ಆಸ್ರವ ನಡೆದದ್ದು ವರ್ಷವಿಡೀ.

ಆದುದರಿಂದ ಆಯ್ಕೆಯನ್ನೇ ಒಂದು ಪರಿಮಾಣಕ್ಕೆ ಒಳಪಡಿಸಿದೆವು. ನಾಲ್ಕು ದಿನಗಳ ಪ್ರವಾಸದಲ್ಲಿ ಹೊರಗಿನ ಊಟ ಎರಡೇ ಸಲ, ಅದೂ ಮಧ್ಯಾಹ್ನವೇ, ಗೊತ್ತುಮಾಡಿದ ಎರಡೇ ಸ್ಥಳಗಳಲ್ಲಿ. ಆಯ್ಕೆ ಒಂದು ಸಂಜೆಯಲ್ಲಿ ಮುಗಿಯಬೇಕು. ಆಮೇಲೆ ಚಿತ್ರ ನೋಡುವಂತಿಲ್ಲ. ಸ್ಥಳವನ್ನು ಆರಿಸಿದವಳು ಪತ್ನಿ. ಸಮುದ್ರ ಕಾಣುವ ಹೋಟೆಲನ್ನು ಆಕೆ ಬಿಟ್ಟಳು, “ಸಮುದ್ರಾನ ದಂಡಿಗೇ ಹೋಗಿ ನೋಡೋಣು, ಅದಕ್ಯಾಕ ರೊಕ್ಕ?” ಎಂದಳು. ಮಾಟುಂಗಾದಲ್ಲಿ ದಕ್ಷಿಣ ಕನ್ನಡದಿಂದ ಹೋದವರು ನಡೆಸಿದ ಉಡುಪಿ ಊಟದ ಮನೆಗಳಿವೆ, ಎ. ರಾಮನಾಯಕರ ಶ್ರೀಕೃಷ್ಣ ಬೋರ್ಡಿಂಗು 1942ರಿಂದ ಹೆಸರಾದುದು. ಅಂಥ ಒಂದು ಮನೆಯನ್ನು ಆಕೆ ಆರಿಸಿದಳು. ಬಾಳೆಯೆಲೆ, ಕನ್ನಡ ಮಾತು, ಯಾವುದರಲ್ಲಿ ಏನು ಹಾಕಿದ್ದಾರೆಂದು ಬಾಯಿಬಿಟ್ಟು ಕೇಳುವ ಅನುಕೂಲ ಇವು ಆಕೆಯ ಕಾರಣಗಳು.

ವಿಜಯಪುರದಲ್ಲಿ ಸಹಸ್ರಫಣಿ ಪಾರ್ಶ್ವನಾಥಸ್ವಾಮಿಯ ದರ್ಶನ ಮಾಡಿಕೊಂಡು, ಸೊಲ್ಲಾಪುರಕ್ಕೆ ಹೋಗಿ, ರಾತ್ರಿಯ ರೈಲಿನಿಂದ ಬೆಳಗಿಗೆ ಮುಂಬಯಿ ತಲುಪಿದೆವು. ಹಿಂದೆ ನಮ್ಮ ಹಿರಿಯರು ಮುಂಬಯಿಗೆ ಹೋದರೆ ಸೇಠ್ ಮಾಣಿಕಚಂದ ಹೀರಾಚಂದರು (1851–1914) ಕಟ್ಟಿಸಿದ ಹೀರಾಬಾಗದಂಥ ಧರ್ಮಶಾಲೆಗಳಲ್ಲಿ ಇಳಿದುಕೊಂಡು ಅಲ್ಲಿಯೇ ಒಲೆ ಹೂಡುತ್ತಿದ್ದರು. ಒಲೆ ಹೂಡಿದವರು ಯಾರೆಂದು ಹೇಳಬೇಕಾಗಿಲ್ಲ. ಈ ಸಲ ಮಗನ ಮನೆಯಲ್ಲಿ ನೀರು ಸೋಸಿದವನು ನಾನು. ಅನ್ನ ಬೇಳೆ ಬೇಯಿಸಿದವನೂ ನಾನು. ಬೇಳೆ ತಳ ಹಿಡಿಯಿತು, ಅನ್ನ ನಡುವೆ ಗಟ್ಟಿಯಾಗಿ ಉಳಿಯಿತು. ದುಃಪಕ್ವವೆಂಬ ಅತಿಚಾರದ ಅರ್ಥ ಆ ದಿನ ನನಗೆ ಟೀಕೆಯಿಲ್ಲದೆ ತಿಳಿಯಿತು. ಅದನ್ನೇ ಉಂಡು ಆಕೆಯ ಜೊತೆಗೆ ಹೋಗಿ ಎದುರಿಗೆ ಕುಳಿತೆ. ಸಾಂಬಾರಿನಲ್ಲಿ ಗಡ್ಡೆಯಿದೆಯೇ ಎಂದು ಆಕೆ ಕೇಳಿದಳು. ಬಡಿಸುವವನು ಒಳಗೆ ವಿಚಾರಿಸಿಕೊಂಡು ಬಂದು, ಇದೆ ಎಂದು ಪ್ರಾಮಾಣಿಕವಾಗಿ ಹೇಳಿದನು. ಆಕೆ ಅದನ್ನು ಬಿಟ್ಟು, ತೊವ್ವೆ, ಪಲ್ಯ, ಪಾಯಸದಲ್ಲಿ ಸಂತೋಷವಾಗಿ ಉಂಡಳು. “ಅಮ್ಮಾ, ಇನ್ನೊಂದು ಸ್ವಲ್ಪ ಬಡಿಸಲೇ?” ಎಂದು ಅವನು ಕೇಳಿದಾಗ ಆಕೆ ಉತ್ತರ ಕೊಡಲು ತಡಮಾಡಿದಳು. ಆಮೇಲೆ ನನಗೆ ಹೇಳಿದಳು: “ಆ ಮಾತ ನಾ ಎಲ್ಲಾರಿಗೂ ಕೇಳೀನಿ. ನನಗ ಯಾರೂ ಕೇಳಿದ್ದಿಲ್ಲ.”

ಮರಳಿ ಬಂದ ಮೇಲೆ ಮುಂಜಾನೆಯ ನೀರು ಸೋಸುವ ಕೆಲಸವನ್ನು ನಾನು ಇಟ್ಟುಕೊಂಡಿದ್ದೇನೆ. ಅಡುಗೆಯಲ್ಲಿ ಇನ್ನೂ ಕೈ ಸಾಗಿಲ್ಲ. ಆಕೆಯ ಏಕಾಶನದ ದಿನಗಳಂದು ಮಾತ್ರ ಪ್ರಯತ್ನ ನಡೆದಿದೆ. 25 ವರ್ಷಗಳ ಬಾಕಿ ಇದರಿಂದ ತೀರುತ್ತದೆಂದು ನಾನು ಭಾವಿಸಿಲ್ಲ.

ವ್ರತ ಸ್ವೀಕರಿಸುವ ಸಹಧರ್ಮಿ ಬಂಧುಗಳಲ್ಲಿ ನನ್ನ ಅರಿಕೆ ಇಷ್ಟೇ. ಗುರುಗಳ ಮುಂದೆ ಕೈಮುಗಿದು “ಇದನ್ನು ತ್ಯಾಗ ಮಾಡಿದೆ” ಎನ್ನುವ ಮೊದಲು, ಆ ತ್ಯಾಗವನ್ನು ನಾಳೆಯಿಂದ ನಡೆಸುವ ಕೈ ಯಾರದೆಂದು ಒಮ್ಮೆ ವಿಚಾರಿಸಬೇಕು. ಆ ಕೈ ತಮ್ಮದಾಗಿದ್ದರೆ ವ್ರತವು ಚಿಕ್ಕದಾದರೂ ಪೂರ್ಣ. ಇನ್ನೊಬ್ಬರದಾಗಿದ್ದರೆ, ಮೊದಲು ಅವರನ್ನು ಕೇಳಿ, ಆಮೇಲೆ ಗುರುಗಳ ಬಳಿಗೆ ಹೋಗುವುದು ಉಚಿತ.