ದ್ರಾಕ್ಷಾರಸವೂ ಸೋದರಧರ್ಮವೂ

ಒಂದು ವಸ್ತುವು ತನ್ನಷ್ಟಕ್ಕೆ ತಾನೇ ಪಾಪಕರವೋ, ಅಥವಾ ಅದನ್ನು ಬಳಸುವವನ ನಡತೆಯಲ್ಲಿ ಪಾಪವಿರುವುದೋ ಎಂಬುದು ಧರ್ಮಜಿಜ್ಞಾಸುಗಳನ್ನು ಬಹುಕಾಲದಿಂದ ಕಾಡುತ್ತ ಬಂದಿರುವ ಪ್ರಶ್ನೆಯಾಗಿದೆ. ಮದ್ಯದ ವಿಷಯದಲ್ಲಿ ಇದು ಮತ್ತಷ್ಟು ತೀಕ್ಷ್ಣವಾಗುತ್ತದೆ. ಕೆಲವು ಧರ್ಮಗಳು ಮದ್ಯವನ್ನು ಪೂರ್ಣವಾಗಿ ನಿಷೇಧಿಸಿ ಪ್ರಶ್ನೆಯನ್ನು ಮುಗಿಸಿವೆ. ಕ್ರೈಸ್ತಧರ್ಮದ ಸ್ಥಿತಿ ಹಾಗಿಲ್ಲ. ಅಲ್ಲಿ ದ್ರಾಕ್ಷಾರಸವು ಪೂಜಾವೇದಿಕೆಯ ಮೇಲೆಯೇ ಇದೆ. ಪಾನನಿರೋಧದ ದೊಡ್ಡ ಚಳವಳಿಗಳು ಹುಟ್ಟಿದ್ದೂ ಅದೇ ಧರ್ಮದ ಮಡಿಲಿನಲ್ಲಿಯೇ.

ಬೆಂಗಳೂರಿನ ಪೂರ್ವಕ್ಕಿರುವ ದೊಡ್ಡನೆಕ್ಕುಂದಿಯು ಹಿಂದೆ ಕೆರೆ ಹೊಲಗಳ ಹಳ್ಳಿಯಾಗಿತ್ತು. ಇಂದು ಕಾರ್ಖಾನೆಗಳೂ ಗಣಕಯಂತ್ರದ ಸಂಸ್ಥೆಗಳೂ ಅದನ್ನು ಸುತ್ತುವರಿದಿವೆ. ಅದಕ್ಕೂ ಪೂರ್ವಕ್ಕಿರುವ ವೈಟ್‌ಫೀಲ್ಡ್, 1882ರಲ್ಲಿ ಮೈಸೂರಿನ ಮಹಾರಾಜರು ಕೊಟ್ಟ ಭೂಮಿಯಲ್ಲಿ ಆಂಗ್ಲೋ ಇಂಡಿಯನ್ ಕ್ರೈಸ್ತರಿಗಾಗಿ ಎದ್ದ ನೆಲೆ. ಇಂತಹ ಸೀಮೆಯಲ್ಲಿ ಉತ್ತರ ಕರ್ನಾಟಕದಿಂದ ಬಂದ ಲಿಂಗವಂತರ ಮನೆಯೂ ಮಂಗಳೂರಿನ ಕಡೆಯ ಕ್ರೈಸ್ತರ ಮನೆಯೂ ಒಂದೇ ಗೋಡೆಯ ಎರಡು ಮಗ್ಗುಲಲ್ಲಿ ಇರುವುದು ಸಾಮಾನ್ಯವಾಗಿದೆ. ಕ್ರಿಸ್ಮಸ್ಸಿಗೆ ತಿಂಗಳುಗಳ ಮೊದಲೇ ಅನೇಕ ಕ್ರೈಸ್ತರ ಮನೆಗಳಲ್ಲಿ ಬೆಂಗಳೂರು ನೀಲಿ ದ್ರಾಕ್ಷಿಯನ್ನು ಸಕ್ಕರೆಯೊಡನೆ ಜಾಡಿಯಲ್ಲಿ ಹುಳಿಯಲಿಡುತ್ತಾರೆ. ಅದನ್ನು ಕಂಡ ನೆರೆಯವನು, "ಅಣ್ಣಾರ, ನಿಮ್ಮ ಗುಡಿಯೊಳಗೇ ದ್ರಾಕ್ಷಿಯ ಮದ್ಯ ಕೊಡತಾರಂತಲ್ಲ, ಮತ್ತೆ ನಿಮ್ಮ ಪಾದ್ರಿಗಳೇ ಕುಡಿಯಬ್ಯಾಡ್ರಿ ಅಂತಾರಲ್ಲ, ಇದು ಹೆಂಗ್ರಿ?" ಎಂದು ಕೇಳಿದರೆ ಅದು ಕುಚೋದ್ಯದ ಪ್ರಶ್ನೆಯಾಗಲಾರದು. ಉತ್ತರಕ್ಕೆ ಅರ್ಹವಾದ ಪ್ರಶ್ನೆಯೇ ಸರಿ.

ಕನ್ನಡ ಬೈಬಲಿನಲ್ಲಿ ಬರುವ 'ದ್ರಾಕ್ಷಾರಸ' ಎಂಬ ಶಬ್ದವೇ ಈ ತೊಡಕನ್ನು ಮುಚ್ಚಿಡುತ್ತದೆ. ನಮ್ಮ ಕಿವಿಗೆ ಅದು ಹಿಂಡಿದ ಹಣ್ಣಿನ ರಸವೆಂದು ಕೇಳಿಸುವುದು. ಮೂಲದ ಗ್ರೀಕ್ ಶಬ್ದವಾದರೋ ಸಾಮಾನ್ಯವಾಗಿ ಹುಳಿತು ಮತ್ತೇರಿಸುವ ಪಾನೀಯವನ್ನೇ ಸೂಚಿಸುತ್ತದೆ. ಗಲಿಲಾಯದ ಕಾನಾ ಊರಿನ ಮದುವೆಯಲ್ಲಿ ಯೇಸುವು ನೀರನ್ನು ದ್ರಾಕ್ಷಾರಸವಾಗಿ ಮಾರ್ಪಡಿಸಿದನೆಂದು ಯೋಹಾನನ ಸುವಾರ್ತೆ ಹೇಳುತ್ತದೆ. ಕಡೆಯ ಭೋಜನದಲ್ಲಿ ಆತನು ಶಿಷ್ಯರಿಗೆ ಪಾನಪಾತ್ರೆಯನ್ನು ಕೊಟ್ಟನು. ಪೌಲನು ತನ್ನ ಶಿಷ್ಯನಾದ ತಿಮೊಥೆಯನಿಗೆ ಹೊಟ್ಟೆಯ ಬೇನೆಗಾಗಿ ಸ್ವಲ್ಪ ದ್ರಾಕ್ಷಾರಸವನ್ನು ತೆಗೆದುಕೊಳ್ಳಲು ಬರೆದನು. ಅದೇ ಗ್ರಂಥದಲ್ಲಿ ನೋಹನು ಕುಡಿದು ಮಾನಗೆಟ್ಟ ಕಥೆಯಿದೆ; ವ್ರತಸ್ಥರಾದ ನಾಜೀರರು ದ್ರಾಕ್ಷಿಯ ಹಣ್ಣನ್ನೂ ಮುಟ್ಟಬಾರದೆಂಬ ವಿಧಿಯಿದೆ; ಕುಡಿದು ಮತ್ತರಾಗಬಾರದೆಂದು ಎಫೆಸದವರಿಗೆ ಪೌಲನು ಕೊಟ್ಟ ಎಚ್ಚರಿಕೆಯಿದೆ. ಸ್ನಾನಿಕನಾದ ಯೋಹಾನನು ಕುಡಿಯಲಿಲ್ಲ, ಯೇಸುವು ಕುಡಿದನು. ಜನರು ಇಬ್ಬರನ್ನೂ ನಿಂದಿಸಿದರು. ಆದುದರಿಂದ ಈ ಗ್ರಂಥವನ್ನು ಹಿಡಿದು ಮದ್ಯವೆಂಬ ವಸ್ತುವೇ ಅಶುದ್ಧವೆಂದು ಸಾಧಿಸುವುದು ಕಷ್ಟ. ಮತ್ತತೆಯು ನಿರ್ದೋಷವೆಂದು ಸಾಧಿಸುವುದಂತೂ ಅಸಾಧ್ಯ.

ಈ ಎರಡು ದಡಗಳ ನಡುವೆಯೇ ಕ್ರೈಸ್ತ ಪಂಗಡಗಳು ತಮ್ಮ ತಮ್ಮ ದಾರಿಯನ್ನು ಹಿಡಿದವು. ಕ್ಯಾಥೊಲಿಕ್ ಧರ್ಮಸಭೆಯು ಮಿತಪಾನವನ್ನು ನಿಷೇಧಿಸಲಿಲ್ಲ. ಬಲಿಪೂಜೆಗೆ ದ್ರಾಕ್ಷಿಯಿಂದಾದ ಶುದ್ಧ ಮದ್ಯವೇ ಬೇಕೆಂದು ವಿಧಿಸಿತು. ಪ್ರಾಟೆಸ್ಟಂಟ್ ಪಂಗಡಗಳಲ್ಲಿ ಹಲವು ಬೇರೆಯಾಗಿ ನಡೆದವು. ಅದಕ್ಕೆ ಕಾರಣವೂ ಇತ್ತು. ಬೈಬಲಿನ ಕಾಲದ ಪಾನವು ಹುಳಿಸಿದ್ದು; ಜನರು ಅದಕ್ಕೆ ನೀರು ಬೆರೆಸಿ ಕುಡಿಯುವುದೂ ಇತ್ತು. 18ನೆಯ ಶತಮಾನದ ಲಂಡನ್ನಿನ ಬಡವರ ಕೈಗೆ ಸಿಕ್ಕಿದ್ದು ಬಟ್ಟಿಯಿಳಿಸಿದ ಉಗ್ರವಾದ 'ಜಿನ್' ಮದ್ಯ. ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿಯು 1743ರಲ್ಲಿ ತನ್ನ ಅನುಯಾಯಿಗಳಿಗೆ ಹಾಕಿದ ಕಟ್ಟಳೆಗಳಲ್ಲಿ, ಅತ್ಯಗತ್ಯ ಪ್ರಸಂಗವನ್ನು ಬಿಟ್ಟು ಅಂತಹ ಮದ್ಯದ ಕ್ರಯ ವಿಕ್ರಯ ಪಾನಗಳನ್ನು ನಿಷೇಧಿಸಿದನು. 1869ರಲ್ಲಿ ಅಮೆರಿಕದ ಥಾಮಸ್ ವೆಲ್ಚ್ ಎಂಬ ದಂತವೈದ್ಯನು, ಪಾಶ್ಚರನ ವಿಧಾನದಂತೆ ದ್ರಾಕ್ಷಿಯ ರಸವನ್ನು ಕಾಯಿಸಿ ಅದು ಹುಳಿಯದಂತೆ ಮಾಡಿದನು. ಪ್ರಭುಭೋಜನದ ಪಾತ್ರೆಯಲ್ಲಿ ಮತ್ತಿಲ್ಲದ ರಸವಿರಬೇಕೆಂಬುದೇ ಆತನ ಉದ್ದೇಶವಾಗಿತ್ತು.

ನಮ್ಮ ನಾಡಿನಲ್ಲಿಯೂ ಇದಕ್ಕೊಂದು ಮರೆಯಲಾಗದ ನಿದರ್ಶನವುಂಟು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಬೋಧೆಗೆ ಕಿವಿಗೊಟ್ಟವರಲ್ಲಿ ಬಿಲ್ಲವರು ಅನೇಕರಿದ್ದರು. ಅವರಲ್ಲಿ ಬಹುಮಂದಿಯ ಕಸುಬು ತಾಳೆ ತೆಂಗುಗಳಿಂದ ಕಳ್ಳು ಇಳಿಸುವುದು. ಮಿಷನ್ನಿನವರು ಆ ಕಸುಬನ್ನು ಒಪ್ಪಲಿಲ್ಲ. ಹಾಗಾದರೆ ಅದನ್ನು ಬಿಟ್ಟವರು ಉಣ್ಣುವುದೇನನ್ನು? ಈ ಪ್ರಶ್ನೆಯನ್ನು ಮಿಷನ್ನು ಬೋಧೆಯಿಂದ ಮಾತ್ರ ಪರಿಹರಿಸಲು ಹೋಗಲಿಲ್ಲ. ನೇಯ್ಗೆಯ ಶಾಲೆಗಳನ್ನು ತೆರೆಯಿತು, 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ಕಟ್ಟಿತು. ಮಂಗಳೂರು ಹೆಂಚಿನ ಹಿಂದೆ ಇಂತಹದೊಂದು ನೈತಿಕ ಸಂಕಟವೂ ಇದೆಯೆಂಬುದನ್ನು ಅದರ ಕೆಳಗೆ ಮಲಗುವವರು ನೆನೆಯುವುದು ವಿರಳ. ಒಬ್ಬನ ಕೈಯಿಂದ ಕಳ್ಳಿನ ಮಡಕೆಯನ್ನು ಬಿಡಿಸುವವನು ಆ ಕೈಗೆ ಬೇರೊಂದು ಕಾಯಕವನ್ನು ಕೊಡಲು ಬದ್ಧನಾಗಬೇಕೆಂಬುದು ಇದರ ಪಾಠ.

ಇಷ್ಟಾದರೂ ಮೂಲಪ್ರಶ್ನೆ ಉಳಿದೇ ಇದೆ. ಮಿತವಾಗಿ ಕುಡಿಯುವವನು, ಯಾರಿಗೂ ಕೇಡು ಮಾಡದವನು, ಏಕೆ ಬಿಡಬೇಕು? ಇದಕ್ಕೆ ಕ್ರೈಸ್ತ ಚಿಂತನೆಯ ಅತ್ಯಂತ ಬಲವಾದ ಉತ್ತರವು ಪೌಲನ ಪತ್ರಗಳಲ್ಲಿದೆ. ಕೊರಿಂಥದ ಸಭೆಯಲ್ಲಿ ವಿಗ್ರಹಗಳಿಗೆ ಅರ್ಪಿಸಿದ ಆಹಾರವನ್ನು ತಿನ್ನಬಹುದೇ ಎಂಬ ವಿವಾದ ಎದ್ದಿತ್ತು. ವಿಗ್ರಹವು ಏನೂ ಅಲ್ಲವೆಂದು ತಿಳಿದವನಿಗೆ ತಿನ್ನುವ ಸ್ವಾತಂತ್ರ್ಯವುಂಟೆಂದು ಪೌಲನು ಒಪ್ಪಿದನು. ಆದರೆ ಆ ಸ್ವಾತಂತ್ರ್ಯವು ದುರ್ಬಲಮನಸ್ಸಿನ ಸೋದರನನ್ನು ಎಡವಿಸುವುದಾದರೆ ತಾನು ಮಾಂಸವನ್ನೇ ಮುಟ್ಟೆನೆಂದು ನಿರ್ಧರಿಸಿದನು. ರೋಮಾಪುರದವರಿಗೆ ಬರೆದಾಗ ಈ ಮಾತಿಗೆ ದ್ರಾಕ್ಷಾರಸವನ್ನೂ ಸೇರಿಸಿದನು. ವಸ್ತುವಿನ ಶುದ್ಧಾಶುದ್ಧತೆಯ ವಾದವು ಇಲ್ಲಿ ಹಿಂದೆ ಸರಿಯುತ್ತದೆ. 'ಇದು ನನಗೆ ಸಲ್ಲುವುದೇ' ಎಂಬ ಪ್ರಶ್ನೆಯ ಸ್ಥಾನದಲ್ಲಿ 'ನನ್ನ ಪಕ್ಕದಲ್ಲಿ ಕುಳಿತವನು ಯಾರು' ಎಂಬ ಪ್ರಶ್ನೆ ನಿಲ್ಲುತ್ತದೆ.

ಈ ತತ್ತ್ವಕ್ಕೆ ಆಕ್ಷೇಪವಿಲ್ಲದಿಲ್ಲ. ದುರ್ಬಲನೊಬ್ಬನಿಗಾಗಿ ಎಲ್ಲರೂ ಬಿಡಬೇಕೆಂದರೆ ದೌರ್ಬಲ್ಯವೇ ಆಳುವಂತಾಗದೇ? ಅಂತಹ ಭಯವು ನಿರಾಧಾರವಲ್ಲ. ಅಮೆರಿಕವು 1920ರಿಂದ 1933ರ ವರೆಗೆ ಪಾನನಿಷೇಧವನ್ನು ಕಾನೂನಾಗಿಸಿತು. ಕಳ್ಳಸಾಗಣೆ ಬೆಳೆಯಿತು, ಕಡೆಗೆ ಕಾನೂನನ್ನು ಹಿಂತೆಗೆಯಬೇಕಾಯಿತು. ಕರ್ನಾಟಕದಲ್ಲಿ 2007ರ ಜುಲೈಯಲ್ಲಿ ಸಾರಾಯಿಯು ನಿಂತಿತು. ಬೇರೆ ಮದ್ಯಗಳ ಮಾರಾಟ ನಿಲ್ಲಲಿಲ್ಲ. ಪೌಲನಾದರೋ ಯಾರ ಮೇಲೂ ಆಜ್ಞೆಯನ್ನು ಹೇರಲಿಲ್ಲ. 'ನಾನು ಬಿಡುವೆನು' ಎಂದನು. ಬಲವಂತದ ವರ್ಜನೆಗೂ ಸೋದರನಿಗಾಗಿ ತಾನಾಗಿ ಮಾಡಿದ ವರ್ಜನೆಗೂ ಅಜಗಜಾಂತರವಿದೆ. ಮೊದಲನೆಯದು ಶಾಸನ, ಎರಡನೆಯದು ಆಚಾರ.

ಕುಡಿತದ ಚಟದಿಂದ ಬಹುಕಷ್ಟದಿಂದ ಹೊರಬಂದವನು ಪೂಜಾವೇದಿಕೆಯ ಮುಂದೆ ಬಂದಾಗ ಈ ತತ್ತ್ವದ ಪರೀಕ್ಷೆ ನಡೆಯುತ್ತದೆ. ಅವನಿಗೆ ಒಂದು ಗುಟುಕೂ ಅಪಾಯಕಾರಿಯಾಗಬಹುದು. ಅನೇಕ ಪ್ರಾಟೆಸ್ಟಂಟ್ ಸಭೆಗಳು ಹುಳಿಯದ ರಸವನ್ನೇ ಎಲ್ಲರಿಗೂ ಕೊಡುತ್ತವೆ. ಕ್ಯಾಥೊಲಿಕರಲ್ಲಿ ರೊಟ್ಟಿಯೊಂದನ್ನೇ ಸ್ವೀಕರಿಸಿದರೂ ಪ್ರಸಾದವು ಪೂರ್ಣವೆಂಬುದು ಹಳೆಯ ಸಿದ್ಧಾಂತ. ಪಾತ್ರೆಯಿಂದ ಕುಡಿಯಲೇಬೇಕಾದ ಗುರುವಿಗೆ ಚಟದ ತೊಂದರೆಯಿದ್ದರೆ, ಹುಳಿಯುವಿಕೆಯನ್ನು ತಡೆಹಿಡಿದ ಹೊಸ ರಸವನ್ನು ಬಳಸಲು ಅನುಮತಿ ದೊರೆಯುತ್ತದೆ. ವಿಧಿಗಿಂತ ಮನುಷ್ಯನನ್ನು ಕಡೆಗಣಿಸದ ಈ ಏರ್ಪಾಡುಗಳಲ್ಲಿ ಪೌಲನ ಮಾತು ಇಂದಿಗೂ ಉಸಿರಾಡುತ್ತಿದೆ.

ವಚನಧರ್ಮವನ್ನು ಬಲ್ಲವರಿಗೆ ಈ ವಿಚಾರವು ಪರಕೀಯವಾಗಿ ತೋರದು. 12ನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೂ ಒಬ್ಬನು. ಹೆಂಡ ಮಾರುವ ವೃತ್ತಿಯವನೆಂದು ಆತನನ್ನು ಶರಣಸಮೂಹವು ಹೊರಗಿಡಲಿಲ್ಲ. ಧರ್ಮೇಶ್ವರಲಿಂಗವನ್ನು ಅಂಕಿತವಾಗುಳ್ಳ ಆತನ ವಚನಗಳಲ್ಲಿ ಆ ವೃತ್ತಿಯ ಮಾತುಗಳೇ ತತ್ತ್ವದ ವಾಹನಗಳಾದವು. ಮನುಷ್ಯನನ್ನು ಅವನ ಕೈಯಲ್ಲಿರುವ ಮಡಕೆಯಿಂದ ಅಳೆಯದೆ, ಆ ಮಡಕೆಯನ್ನು ಹಿಡಿದ ಮನಸ್ಸು ಎತ್ತ ತಿರುಗಿದೆಯೆಂದು ನೋಡುವ ದೃಷ್ಟಿಯದು. ಇದರಿಂದ ಮದ್ಯಪಾನಕ್ಕೆ ಸಮ್ಮತಿ ದೊರೆಯಿತೆಂದು ಭಾವಿಸಲಾಗದು. ಕುಡುಕನನ್ನು ತುಚ್ಛೀಕರಿಸುವ ಅಧಿಕಾರವು ಯಾರಿಗೂ ಇಲ್ಲವೆಂಬುದಷ್ಟೇ ಇದರಿಂದ ಸಿದ್ಧವಾಗುವುದು.

ದೊಡ್ಡನೆಕ್ಕುಂದಿಯ ಆ ನೆರೆಯವನಿಗೆ ಕ್ರೈಸ್ತನು ಕೊಡಬಹುದಾದ ಉತ್ತರ ಈಗ ಸ್ಪಷ್ಟವಾಗುತ್ತದೆ. ವೇದಿಕೆಯ ಮೇಲಿನ ಪಾತ್ರೆಯು ಅನೇಕರನ್ನು ಒಂದಾಗಿಸುವುದಕ್ಕಾಗಿ ಇದೆ. ಪಾದ್ರಿಯು ಬೇಡವೆನ್ನುವುದು, ಮನೆಯವರನ್ನು ಬೇರ್ಪಡಿಸಿ, ಕೂಲಿಯ ದಿನ ಮಕ್ಕಳನ್ನು ಹಸಿವಿನಿಂದ ಮಲಗಿಸುವ ಪಾತ್ರೆಯನ್ನು. ಇಷ್ಟನ್ನು ಹೇಳಿದವನ ಮೇಲೆ ಒಂದು ಹೊಣೆಯೂ ಬೀಳುತ್ತದೆ. ಕ್ರಿಸ್ಮಸ್ಸಿನ ದಿನ ಜಾಡಿಯನ್ನು ತೆರೆಯುವಾಗ, ಕುಡಿತವನ್ನು ಬಿಟ್ಟು ಕೆಲವೇ ತಿಂಗಳಾದ ಬಂಧುವೊಬ್ಬನು ಪಂಕ್ತಿಯಲ್ಲಿದ್ದರೆ, ಆ ಜಾಡಿ ಅಂದು ಅಟ್ಟದ ಮೇಲೆಯೇ ಉಳಿಯಬೇಕು. ಅದರಿಂದ ಹಬ್ಬಕ್ಕೆ ಕುಂದುಂಟಾಗದು. ಗೋಡೆಯ ಈ ಮಗ್ಗುಲಿನ ಮನೆಗೂ ಈ ಮಾತು ಅನ್ವಯಿಸುತ್ತದೆ. ತಾನು ಮದ್ಯವನ್ನು ಮುಟ್ಟಿಲ್ಲವೆಂಬ ಹೆಮ್ಮೆಯಿಂದ, ಮುಟ್ಟಿ ಬಿದ್ದವನ ಕಡೆಗೆ ಕೈಚಾಚದೆ ಕುಳಿತವನ ಶುದ್ಧತೆಯು ಯಾರಿಗೆ ಅರ್ಪಿತವಾದೀತೆಂಬುದನ್ನು ಸಹೃದಯರು ಪರ್ಯಾಲೋಚಿಸಲಿ.