ಸ್ಕ್ಯಾನ್‌ನಲ್ಲಿ ಕಾಣದ ಕಾಯಿಲೆ

ಮೂರ್ಛೆರೋಗವನ್ನು ಜಿನ್ನ್‌ನ ಬಾಧೆಯೆಂದು ಬಗೆದು ಮಂತ್ರವಾದಿಗಳ ಬಾಗಿಲಿಗೆ ಅಲೆಯುವ ಮನೆಗಳು ನಮ್ಮಲ್ಲಿ ಇಂದಿಗೂ ಇವೆ. ಅದು ಮಿದುಳಿನ ಕಾಯಿಲೆ. ಎಂ.ಆರ್.ಐ. ಯಂತ್ರವು ಮಿದುಳನ್ನು ಪದರ ಪದರವಾಗಿ ತೋರಿಸುತ್ತದೆ. ಕೆಲವು ರೋಗಿಗಳಲ್ಲಿ, ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ ಎಂಬ ಪುಟ್ಟ ಭಾಗವು ಸೊರಗಿ ಗಡುಸಾಗಿರುವುದು ಅದರಲ್ಲಿ ಕಾಣುತ್ತದೆ. ಔಷಧಿಗೆ ಬಗ್ಗದ ಎಷ್ಟೋ ಮಂದಿಗೆ ಆ ಭಾಗವನ್ನು ಶಸ್ತ್ರಕ್ರಿಯೆಯಿಂದ ತೆಗೆದ ಬಳಿಕ ಮೂರ್ಛೆ ನಿಂತದ್ದುಂಟು.

ಇಷ್ಟನ್ನು ಕಣ್ಣಾರೆ ಕಂಡ ಮನೆಯವರು ಮೆತ್ತಗಾಗುತ್ತಾರೆ. ಆದರೆ ಓದುಗರೇ, ಅನೇಕ ಮೂರ್ಛೆರೋಗಿಗಳ ಎಂ.ಆರ್.ಐ.ಯಲ್ಲಿ ಯಾವ ದೋಷವೂ ಕಾಣುವುದಿಲ್ಲ. "ಏನೂ ಇಲ್ಲವಂತೆ, ಎಲ್ಲ ನಾಟಕ" ಎಂಬ ಮಾತು ಆಗ ರೋಗಿಯ ಕಿವಿಗೆ ಬೀಳುತ್ತದೆ. ನಮ್ಮ ಕರುಣೆಗೂ ಫಿಲ್ಮಿನ ಸಾಕ್ಷ್ಯ ಬೇಕೇ?

ಬುಖಾರಿಯಲ್ಲಿ ಒಂದು ಘಟನೆಯಿದೆ. ಮೂರ್ಛೆರೋಗವಿದ್ದ ಮಹಿಳೆಯೊಬ್ಬರು ಪ್ರವಾದಿವರ್ಯರ(ಸ) ಬಳಿ ಬಂದು ಪ್ರಾರ್ಥಿಸುವಂತೆ ಕೇಳಿಕೊಂಡರು. ಸಹನೆ ವಹಿಸಿದರೆ ಸ್ವರ್ಗವಿದೆ, ಬಯಸಿದರೆ ಗುಣವಾಗಲೆಂದು ಪ್ರಾರ್ಥಿಸುವೆನೆಂದು ಪ್ರವಾದಿವರ್ಯರು(ಸ) ತಿಳಿಸಿದರು. ಆಕೆ ಸಹನೆಯನ್ನು ಆರಿಸಿಕೊಂಡರು. ಬಿದ್ದಾಗ ಮೈಮೇಲಿನ ಬಟ್ಟೆ ಸರಿಯದಿರಲೆಂದು ಮಾತ್ರ ಪ್ರಾರ್ಥಿಸಿರೆಂದರು. ಹಾಗೆಯೇ ಪ್ರಾರ್ಥಿಸಲಾಯಿತು. (ಇದನ್ನು ಔಷಧಿ ಬಿಡಲು ನೆಪ ಮಾಡಬೇಡಿ. ಚಿಕಿತ್ಸೆ ಪಡೆಯಿರೆಂದೂ ಪ್ರವಾದಿವರ್ಯರೇ(ಸ) ಬೋಧಿಸಿದ್ದಾರೆ.) ಆಕೆಯಿಂದ ಪುರಾವೆ ಕೇಳಿದ ಪ್ರಸ್ತಾಪ ಅಲ್ಲಿಲ್ಲ. ಆಕೆಯ ಮಾತನ್ನು ನಂಬಲಾಯಿತು, ಆಕೆಯ ಮಾನದ ಚಿಂತೆಗೆ ಬೆಲೆ ಕೊಡಲಾಯಿತು.

ನಿಮ್ಮೆದುರು ಯಾರಿಗಾದರೂ ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡಲು, ಬಾಯಿಗೆ ಚಮಚ ತುರುಕಲು ಹೋಗಬೇಡಿ. ಮಗ್ಗುಲಿಗೆ ಹೊರಳಿಸಿ, ಸರಿದ ಬಟ್ಟೆಯನ್ನು ಸರಿಪಡಿಸಿ, ನೋಡಲು ನೆರೆದವರನ್ನು ದೂರ ಕಳಿಸಿ.